ಹೌದು, ಓಡುತ್ತದೆ. ಮುಂದಿನ ಪ್ರಶ್ನೆ?

"ಇದು ಈಗಿನ ರಸ್ತೆಯಲ್ಲೂ ಓಡುತ್ತಾ?" ಫ್ರಾನ್ಸಿನ ಲಿಯಾನ್‌ನಲ್ಲಿ ನನ್ನ ಹಳೆ ಸಿಟ್ರೊಯೆನ್ 2ಸಿವಿ ಕಾರು ನೋಡಿದವರೆಲ್ಲ ಕೇಳುವುದು ಇದನ್ನೇ. ಹಾಸಿಗೆ ಹಿಡಿದ ಅಜ್ಜಿಯನ್ನು ವಿಚಾರಿಸುವ ದನಿಯಲ್ಲಿ ಕೇಳುತ್ತಾರಲ್ಲ, ಅದಕ್ಕೇ ನನಗೆ ಸಿಟ್ಟು. ನಿಮ್ಮ ಮನೆ ಬಾಗಿಲಿಗೆ ಓಡಿಸಿಕೊಂಡೇ ಬಂದಿದ್ದೇನೆ, ಅಲ್ವಾ?

ಲೆಕ್ಕ ಹೇಳಿಬಿಡುತ್ತೇನೆ. 602 ಸಿಸಿ, 29 ಕುದುರೆ ಶಕ್ತಿ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 110 ಕಿ.ಮೀ. ಮುಟ್ಟುತ್ತದೆ. ಫ್ರಾನ್ಸಿನ ಹೆದ್ದಾರಿಯಲ್ಲಿ ಕಾರಿಗೆ ಮಿತಿ 130, ಲಾರಿಗೆ 90. ನಾನು ಲಾರಿಗಳ ಜೊತೆ ಹೋಗುತ್ತೇನೆ. ಹಳ್ಳಿ ರಸ್ತೆಗಳಲ್ಲಿ ಬಹಳ ಕಡೆ 80, ಅಲ್ಲಿ ಯಾರಿಗೂ ನಾನು ಅಡ್ಡಿಯಲ್ಲ. ಏರ್‌ಬ್ಯಾಗ್ ಇಲ್ಲ. ಎರಡು ಟನ್ನಿನ ಗಾಡಿ ಬಂದು ಗುದ್ದಿದರೆ ಏನಾಗುತ್ತದೆ ಅಂತ ನನಗೂ ಗೊತ್ತು. ಅದಕ್ಕೇ ಮುಂದಿನ ಗಾಡಿಯಿಂದ ಜಾಸ್ತಿ ದೂರ ಇರುತ್ತೇನೆ, ಮಳೆ ಸುರಿಯುವ ರಾತ್ರಿ ಹೆದ್ದಾರಿಗೆ ಇಳಿಯುವುದಿಲ್ಲ. ಇನ್ನು ರಸ್ತೆ ಉಬ್ಬುಗಳು. ಉತ್ತ ಹೊಲದಲ್ಲಿ ಮೊಟ್ಟೆ ಬುಟ್ಟಿ ಒಯ್ದರೂ ಒಂದೂ ಒಡೆಯಬಾರದು ಅಂತ ಹೇಳಿ ಮಾಡಿಸಿದ ಗಾಡಿ ಇದು, ಉಬ್ಬು ಯಾವ ಲೆಕ್ಕ?

ಒಂದು ಬೇಸಿಗೆಯಲ್ಲಿ ಮಾವ ಊರಿಂದ ಬಂದಿದ್ದರು. ಚಾರ್ಮಾಡಿ ಘಾಟಿಯಲ್ಲಿ ವರ್ಷಗಟ್ಟಲೆ ಅಂಬಾಸಿಡರ್ ಓಡಿಸಿದವರು. ಲಿಯಾನ್ ಹತ್ತಿರದ ಬೋಜೊಲೆ ಗುಡ್ಡ ಹತ್ತುವಾಗ ಎರಡು ಬಾಟಲಿ ನೀರು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದರು. "ನಿಲ್ಸು ಮಾರಾಯ, ನೀರು ಕುದೀತದೆ" ಅಂತ ಪ್ರತಿ ತಿರುವಿನಲ್ಲೂ. ಕೊನೆಗೆ ನಿಲ್ಲಿಸಿ ಬಾನೆಟ್ ಎತ್ತಿದೆ. ನೀರು ತುಂಬುವ ರೇಡಿಯೇಟರ್ ಎಲ್ಲಿದೆ, ತೋರಿಸಿ ಮಾವ! ಆಚೆ ಒಂದು, ಈಚೆ ಒಂದು ಅಡ್ಡ ಮಲಗಿದ ಸಿಲಿಂಡರ್, ಮುಂದೆ ಒಂದು ಫ್ಯಾನ್, ಅಷ್ಟೇ. ಗಾಳಿಯಲ್ಲೇ ತಣ್ಣಗಾಗುವ ಎಂಜಿನ್. ಮಾವ ಸುಮ್ನೆ ನೋಡಿದರು. ಆಮೇಲೆ ಒಂದು ಬಾಟಲಿ ನೀರು ತಾವೇ ಕುಡಿದರು.

ಆಗ ಅವರು ಕೇಳಿದ್ದು, ಇಷ್ಟು ವರ್ಷದಲ್ಲಿ ಬೇರೆ ಯಾರೂ ಕೇಳದ ಪ್ರಶ್ನೆ: "ಅಡಿಯಲ್ಲಿ ಚಾಸಿ ಹೇಗಿದೆ?"

ಅದನ್ನು ಕೇಳಿ, ಗಂಟೆಗಟ್ಟಲೆ ಹೇಳುತ್ತೇನೆ! 1948ರಿಂದ 1990ರವರೆಗೆ 38 ಲಕ್ಷಕ್ಕೂ ಹೆಚ್ಚು 2ಸಿವಿ ತಯಾರಾದವು. ಅವನ್ನು ತಿಂದುಹಾಕಿದ್ದು ತುಕ್ಕು. ಚಾಸಿ, ಅಂದರೆ ಬಾಡಿಯನ್ನು ಹೊರುವ ಅಡಿ ಚೌಕಟ್ಟು, ತೆಳು ತಗಡಿನದು, ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು ಅದರೊಳಗೆ ಹೊಕ್ಕಿ ಕೂರುತ್ತದೆ. ಹೊರಗೆ ಬಣ್ಣ ಫಳಫಳ, ಒಳಗೆ ಪುಡಿ. ಬಾಡಿಯನ್ನು ಬೋಲ್ಟ್ ಹಾಕಿ ಕೂರಿಸಿರುವುದರಿಂದ ಬಿಚ್ಚಿ ಎತ್ತಬಹುದು. ನಾನು ಹಾಗೇ ಎತ್ತಿ, ಸತುವಿನ ಲೇಪ ಕೊಟ್ಟ ಹೊಸ ಚಾಸಿ ಹಾಕಿಸಿದ್ದೇನೆ.

ಮಾವ ರಸ್ತೆ ಬದಿಯಲ್ಲೇ ಪಂಚೆ ಎತ್ತಿ ಕಟ್ಟಿ, ಬಗ್ಗಿ ಒಳಗೆ ಕೈ ಹಾಕಿ, ನಾಣ್ಯದಿಂದ ಚಾಸಿಗೆ ಬಡಿದರು. ಠಣ್ ಅಂದಿತು.

"ಗಟ್ಟಿ ಉಂಟು. ನಡಿ."