ಕೊನೆಗೂ ಇನ್‌ಸ್ಪೆಕ್ಷನ್ ಕೆಲಸ ಸಿಕ್ಕಿತು

14 ನವೆಂಬರ್ 2024, ಗುರುವಾರ
ದಾಸರಹಳ್ಳಿ, ಬೆಂಗಳೂರು

ಸಂಜೆ ಆಫರ್ ಲೆಟರ್ ಬಂತು. ತುಮಕೂರು ರಸ್ತೆಯ ಒಂದು ಫ್ಯಾಬ್ರಿಕೇಶನ್ ಕಂಪನಿ. ಹುದ್ದೆಯ ಹೆಸರು ಕ್ಯೂಸಿ (ಗುಣಮಟ್ಟ ನಿಯಂತ್ರಣ) ಅಸಿಸ್ಟೆಂಟ್. ವೆಲ್ಡಿಂಗ್ ಇನ್‌ಸ್ಪೆಕ್ಟರ್ ಅಂತ ಎಲ್ಲೂ ಬರೆದಿಲ್ಲ. ಆದರೆ ಕೆಲಸದ ಪಟ್ಟಿ ನೋಡಿ ಖುಷಿಯಾಯಿತು: ಫಿಟ್‌ಅಪ್ (ವೆಲ್ಡಿಗೆ ಮೊದಲು ತುಂಡುಗಳ ಜೋಡಣೆ) ನೋಡುವುದು, ವೆಲ್ಡರ್‌ಗಳ ಕ್ವಾಲಿಫಿಕೇಶನ್ ದಾಖಲೆ ಇಡುವುದು, ವಿಶುವಲ್ ರಿಪೋರ್ಟ್ ಬರೆಯುವುದು. ನನಗೆ ಬೇಕಾಗಿದ್ದು ಇದೇ ಅಲ್ವಾ!

ಅವ್ವನಿಗೆ ಫೋನ್ ಮಾಡಿದೆ. "ಹಂಗಾರ ಇನ್ನ ಮ್ಯಾಲೆ ಆ ಹೊಗಿ ಕುಡಿಯೂದು ತಪ್ಪತಲ್ಲ" ಅಂದಳು. ಪೂರ್ತಿ ತಪ್ಪುವುದಿಲ್ಲ, ಇನ್‌ಸ್ಪೆಕ್ಟರೂ ಅದೇ ಶೆಡ್ಡಿನಲ್ಲಿ ನಿಲ್ಲಬೇಕು. ಅದನ್ನು ಇವತ್ತು ಹೇಳಲಿಲ್ಲ.

ಐಟಿಐ ಮುಗಿಸಿದಾಗಿನಿಂದ ನಾನು ವೆಲ್ಡರ್. ಅಮೆರಿಕನ್ ವೆಲ್ಡಿಂಗ್ ಸೊಸೈಟಿಯ ಸಿಡಬ್ಲ್ಯುಐ (ಸರ್ಟಿಫೈಡ್ ವೆಲ್ಡಿಂಗ್ ಇನ್‌ಸ್ಪೆಕ್ಟರ್) ಪರೀಕ್ಷೆಗೆ ಶಿಫ್ಟ್ ಮುಗಿಸಿ ರಾತ್ರಿ ಓದಿದ್ದು. ಅದರಲ್ಲಿ ಮೂರು ಭಾಗ. ಮೊದಲನೆಯದು ಥಿಯರಿ. ಎರಡನೆಯದರಲ್ಲಿ ಪ್ಲಾಸ್ಟಿಕ್‌ನಲ್ಲಿ ಮಾಡಿದ ವೆಲ್ಡ್ ಮಾದರಿಗಳನ್ನು ಗೇಜ್ ಹಿಡಿದು ಅಳೆಯಬೇಕು. ಮೂರನೆಯದರಲ್ಲಿ ಕೋಡ್ ಪುಸ್ತಕ ತೆರೆದು ಉತ್ತರ ಹುಡುಕಬೇಕು, ನಾನು ಸ್ಟೀಲ್ ರಚನೆಗಳ ವೆಲ್ಡಿಂಗ್ ನಿಯಮಗಳಿರುವ ಡಿ1.1 ಕೋಡ್ ತೆಗೆದುಕೊಂಡಿದ್ದೆ. ಪ್ರತಿ ಭಾಗದಲ್ಲೂ ಶೇ. 72 ಬರಲೇಬೇಕು, ಒಂದರಲ್ಲಿ ಜಾಸ್ತಿ ತೆಗೆದು ಇನ್ನೊಂದರ ಕೊರತೆ ತುಂಬಿಸುವ ಹಾಗಿಲ್ಲ.

ಸರ್ಟಿಫಿಕೇಟ್ ಕೈಗೆ ಬಂದ ಮೇಲಿನ ತಿಂಗಳುಗಳು ಓದಿನ ದಿನಗಳಿಗಿಂತ ಕಷ್ಟದವು. ಎಲ್ಲರದೂ ಒಂದೇ ಪ್ರಶ್ನೆ: "ಇನ್‌ಸ್ಪೆಕ್ಷನ್ ಅನುಭವ ಎಷ್ಟು?" ವೆಲ್ಡರ್ ಆಗಿ ದುಡಿದ ವರ್ಷಗಳು ಅವರ ಲೆಕ್ಕಕ್ಕೆ ಸೊನ್ನೆ. ಹೊರಗಿನಿಂದ ಬಂದು ಪರಿಶೀಲಿಸುವ ಥರ್ಡ್ ಪಾರ್ಟಿ ಏಜೆನ್ಸಿಯವರು ಪೆನೆಟ್ರಂಟ್, ಮ್ಯಾಗ್ನೆಟಿಕ್, ರೇಡಿಯೋಗ್ರಫಿ (ವೆಲ್ಡನ್ನು ಹಾಳು ಮಾಡದೆ ದೋಷ ಹುಡುಕುವ ಪರೀಕ್ಷೆಗಳು) ಎಲ್ಲದರಲ್ಲೂ ಲೆವೆಲ್ 2 ಅರ್ಹತೆ ಕೇಳಿದರು. ಗಲ್ಫ್ ಕೆಲಸಕ್ಕೆ ಹೋದರೆ ಗಲ್ಫ್ ಅನುಭವ ಕೇಳಿದರು. ಒಬ್ಬ ಏಜೆಂಟ್ ವೀಸಾ ಕೊಡಿಸುತ್ತೇನೆ ಅಂತ ಲಕ್ಷದ ಮಾತಾಡಿದ. ನೋಂದಾಯಿತ ಏಜೆಂಟರು 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಯಾರು ನೋಂದಾಯಿತರು ಅಂತ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ನೋಡಿದೆ, ಅವನ ಹೆಸರು ಇರಲಿಲ್ಲ. ಅಲ್ಲಿಗೆ ಬಿಟ್ಟೆ.

ಸೋಮವಾರದ ಸಂದರ್ಶನದ ಬಗ್ಗೆ ಮಾತ್ರ ವಿವರವಾಗಿ ಬರೆದಿಡಬೇಕು. ಹೋದ ವಾರವಷ್ಟೇ ಮೆಟ್ರೋ ಮಾದಾವರದವರೆಗೆ ಶುರುವಾಗಿದೆ, ಅದರಲ್ಲೇ ಹೋದೆ. ಕ್ಯೂಸಿ ಮುಖ್ಯಸ್ಥರು ಫೈಲ್ ತೆರೆಯಲೇ ಇಲ್ಲ. ಸೀದಾ ಶಾಪಿಗೆ ಕರೆದುಕೊಂಡು ಹೋಗಿ ಒಂದು ತುಂಡು ಮತ್ತು ಗೇಜ್ ಕೈಗಿಟ್ಟರು. ಎರಡು ಪ್ಲೇಟ್ ಸೇರುವ ಮೂಲೆಯಲ್ಲಿ ಹಾಕಿದ ಫಿಲೆಟ್ ವೆಲ್ಡ್, ಒಂದು ಅಂಚಿನಲ್ಲಿ ಅಂಡರ್‌ಕಟ್, ಅಂದರೆ ವೆಲ್ಡ್ ಪಕ್ಕದ ಪ್ಲೇಟ್ ಕರಗಿ ಉಳಿದ ಗೀರು. ಅಳೆದೆ, ಸುಮಾರು ಅರ್ಧ ಮಿಲಿಮೀಟರ್ ಆಳ. "ಪಾಸೋ ಫೇಲೋ?" ಅಂತ ಕೇಳಿದರು.

"ಯಾವ ಕೋಡ್ ಸರ್? ಇದರ ಮೇಲೆ ಎಂಥ ಲೋಡ್ ಬರುತ್ತೆ?" ಅಂದೆ.

ಅವರು ನಕ್ಕರು. ಡಿ1.1 ಪ್ರಕಾರ, 25 ಮಿಲಿಮೀಟರ್‌ಗಿಂತ ತೆಳುವಾದ ಪ್ಲೇಟಿನಲ್ಲಿ, ಲೋಡ್ ಒಂದೇ ಸಮ ಇರುವ ಕಡೆ 1 ಮಿಲಿಮೀಟರ್‌ವರೆಗಿನ ಅಂಡರ್‌ಕಟ್ ನಡೆಯುತ್ತದೆ. ಆದರೆ ಲೋಡ್ ಮತ್ತೆ ಮತ್ತೆ ಬಂದು ಹೋಗುವ ಮುಖ್ಯ ಭಾಗದಲ್ಲಿ, ಎಳೆತಕ್ಕೆ ಅಡ್ಡವಾಗಿರುವ ವೆಲ್ಡಿನಲ್ಲಿ, 0.25 ಮಿಲಿಮೀಟರ್‌ಗಿಂತ ಜಾಸ್ತಿ ಇರುವಂತಿಲ್ಲ. ಅಂದರೆ ನನ್ನ ಕೈಲಿದ್ದ ಅದೇ ತುಂಡು ಒಂದು ಕಡೆ ಪಾಸ್, ಇನ್ನೊಂದು ಕಡೆ ಫೇಲ್. ಕೋಡ್ ಕೇಳದೆ ಉತ್ತರ ಹೇಳಿದ್ದರೆ ಅದು ಬರೀ ಊಹೆ.

ಆಮೇಲೆ ವೆಲ್ಡಿಂಗ್ ರಾಡ್‌ಗಳನ್ನು ತೇವ ತಾಗದಂತೆ ಬಿಸಿಯಾಗಿಡುವ ಎಲೆಕ್ಟ್ರೋಡ್ ಓವನ್ ಹತ್ತಿರ ನಿಂತೆವು. ಇ7018 ರಾಡ್ ಬಗ್ಗೆ ಏನು ಗೊತ್ತು ಅಂದರು. ಇಲ್ಲಿ ನನ್ನ ಹಳೆಯ ಕೆಲಸ ಕೈಹಿಡಿಯಿತು. ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗುವಂತೆ ಆ ರಾಡಿನ ಲೇಪ ಗಾಳಿಯ ತೇವ ಹೀರುತ್ತದೆ. ತೇವದಿಂದ ಹೈಡ್ರೋಜನ್ ವೆಲ್ಡಿಗೆ ಸೇರುತ್ತದೆ, ಗಟ್ಟಿಯಾದ ಸ್ಟೀಲ್ ಆದರೆ ಬಿರುಕು ಬಿಡುತ್ತದೆ. ಆ ಬಿರುಕು ತಕ್ಷಣ ಕಾಣುವುದಿಲ್ಲ, ಎಷ್ಟೋ ಗಂಟೆ ಬಿಟ್ಟು ಬರಬಹುದು. ಅದಕ್ಕೇ ಎ514ನಂಥ ಹೆಚ್ಚು ಬಲದ ಸ್ಟೀಲ್‌ಗಳಲ್ಲಿ ವೆಲ್ಡಿಂಗ್ ಮುಗಿದು 48 ಗಂಟೆ ಆದ ಮೇಲಿನ ಪರಿಶೀಲನೆಯೇ ಲೆಕ್ಕಕ್ಕೆ. ಹೊಗೆಯ ನಡುವೆ ಇದನ್ನೆಲ್ಲ ಕೈಯಾರೆ ಮಾಡಿದವನಿಗೆ ಓವನ್‌ನ ಉಷ್ಣತೆ ಬರೆಯುವ ರಿಜಿಸ್ಟರ್ ಯಾಕೆ ಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಇಷ್ಟು ದಿನ ಸುತ್ತಾಡಿ ನನಗೆ ಖಚಿತವಾದದ್ದು ಒಂದು. ವೆಲ್ಡ್ ಮುಗಿದ ಮೇಲೆ ನೋಡುವುದು ಇನ್‌ಸ್ಪೆಕ್ಟರ್‌ನ ಕೊನೆಯ ಕೆಲಸ. ಅದಕ್ಕೆ ಮೊದಲು ಡಬ್ಲ್ಯುಪಿಎಸ್ (ವೆಲ್ಡ್ ಹೇಗೆ ಮಾಡಬೇಕು ಅಂತ ಬರೆದ ವಿಧಾನ ಪತ್ರ) ಸರಿ ಇದೆಯಾ, ರೂಟ್ ಗ್ಯಾಪ್ (ತುಂಡುಗಳ ನಡುವಿನ ಸಂದು) ಎಷ್ಟು, ಪ್ಲೇಟಿನ ಹೀಟ್ ನಂಬರ್ (ಸ್ಟೀಲ್ ಕರಗಿಸಿದ ಬ್ಯಾಚಿನ ಗುರುತು) ದಾಖಲೆಗೆ ಹೊಂದುತ್ತಾ, ಈ ವೆಲ್ಡರ್ ಆರು ತಿಂಗಳೊಳಗೆ ಈ ಪ್ರಾಸೆಸ್‌ನಲ್ಲಿ ವೆಲ್ಡ್ ಮಾಡಿದ್ದಾನಾ, ಎಲ್ಲ ನೋಡಬೇಕು. ಒಳ್ಳೆಯ ವೆಲ್ಡರ್ ಇದರಲ್ಲಿ ಅರ್ಧವನ್ನಾದರೂ ದಿನಾ ಮಾಡುತ್ತಲೇ ಇರುತ್ತಾನೆ. ಆದರೆ ಬಯೋಡೇಟಾದಲ್ಲಿ ಬರೆಯುವುದಿಲ್ಲ. ಈ ಸಲ ನಾನು ಬರೆದಿದ್ದೆ: ಫಿಟ್‌ಅಪ್ ಚೆಕ್ ಮಾಡಿದ್ದು, ರಾಡ್ ಹಂಚಿಕೆಯ ಲೆಕ್ಕ ಇಟ್ಟದ್ದು, ಜಾಯಿಂಟ್ ನಂಬರ್ ಗುರುತು ಹಾಕಿದ್ದು, ಥರ್ಡ್ ಪಾರ್ಟಿಯವರ ಜೊತೆ ನಿಂತು ವೆಲ್ಡರ್ ಟೆಸ್ಟ್ ಕೊಟ್ಟದ್ದು. ನಮ್ಮ ಹುಡುಗರು ಇದನ್ನು ತಪ್ಪದೆ ಬರೆಯಬೇಕು. ಅದೇ ಅನುಭವ.

ಸಂಬಳದ ವಿಷಯ ನೇರವಾಗಿ ಹೇಳುತ್ತೇನೆ. ಓವರ್‌ಟೈಮ್ ಸೇರಿ ಈಗ ಕೈಗೆ ಬರುವುದಕ್ಕಿಂತ ಕಡಿಮೆ. ಒಳ್ಳೆಯ ಟಿಗ್ ವೆಲ್ಡರ್ ಹೊಸ ಇನ್‌ಸ್ಪೆಕ್ಟರ್‌ಗಿಂತ ಹೆಚ್ಚು ದುಡಿಯುವುದು ಈ ಕ್ಷೇತ್ರದಲ್ಲಿ ಹೊಸದೇನಲ್ಲ, ಅದು ತಪ್ಪೂ ಅಲ್ಲ. ಒಂದೆರಡು ವರ್ಷ ಕೈ ಬಿಗಿ ಹಿಡಿದು ಬದುಕಬಹುದು. ರಿಪೋರ್ಟಿನ ಕೆಳಗೆ ನನ್ನ ಸಹಿ ಇರುತ್ತದಲ್ಲ, ಅದಕ್ಕಾಗಿ ಈ ಕಡಿತ ಒಪ್ಪಿದ್ದೇನೆ.

ಡಿಸೆಂಬರ್ 2, ಸೋಮವಾರ ಸೇರಬೇಕು. ಅದಕ್ಕೆ ಮೊದಲು ಕಣ್ಣಿನ ಪರೀಕ್ಷೆಯ ಹೊಸ ವರದಿ ಬೇಕಂತೆ: ಪರೀಕ್ಷಾ ಕಾರ್ಡಿನ ಜೇಗರ್ ಜೆ2 ಎಂಬ ಸಣ್ಣ ಅಕ್ಷರಗಳನ್ನು ಒಂದಡಿ ದೂರದಿಂದ ಓದಬೇಕು, ಬಣ್ಣ ಗುರುತಿಸಬೇಕು. ಶನಿವಾರ ಮಾಡಿಸುತ್ತೇನೆ. ಪೆನೆಟ್ರಂಟ್ ಲೆವೆಲ್ 2 ತರಬೇತಿಗೆ ಕಂಪನಿಯೇ ಕಳಿಸುತ್ತದೆ ಅಂದಿದ್ದಾರೆ. ಈಗಿನ ಶಾಪಿನ ಇಬ್ಬರು ವೆಲ್ಡರ್‌ಗಳು ಭಾನುವಾರ ರೂಮಿಗೆ ಬರುತ್ತಾರೆ, ಅವರಿಗೂ ಪರೀಕ್ಷೆ ಬರೆಯುವ ಆಸೆ. ಡ್ರಾಯಿಂಗ್‌ನಲ್ಲಿನ ವೆಲ್ಡಿಂಗ್ ಚಿಹ್ನೆಗಳಿಂದ ಶುರು ಮಾಡೋಣ ಅಂತ ಹೇಳಿದ್ದೇನೆ.