ಮಾತ್ರೆ ಯಾವಾಗ ನಿಲ್ಲಿಸುತ್ತಾರೆ ಎಂದು ಕೇಳುವವರಿಗೆ

ನನಗೆ ಲೂಪಸ್ (ದೇಹದ ರೋಗನಿರೋಧಕ ವ್ಯವಸ್ಥೆ ಆ ದೇಹದ ಮೇಲೆಯೇ ಎರಗುವ ಕಾಯಿಲೆ) ಇದೆ ಎಂದು ತಿಳಿದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಮಾತ್ರೆ ಯಾವಾಗ ನಿಲ್ಲಿಸುತ್ತಾರೆ?" ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ, ಬರೆದೇ ಇಡುತ್ತೇನೆ. ಎಲ್ಲ ಮಾತ್ರೆಗಳನ್ನೂ ನಿಲ್ಲಿಸುವುದು ನನ್ನ ಚಿಕಿತ್ಸೆಯ ಗುರಿಯೇ ಅಲ್ಲ.

ಪ್ರಶ್ನೆಗಿಂತ ಅದನ್ನು ಕೇಳುವ ಧಾಟಿ ನನ್ನನ್ನು ಕೆರಳಿಸುತ್ತದೆ. ಬಂಧುವೊಬ್ಬರು ಮನೆಗೆ ಬಂದವರೇ ಮೇಜಿನ ಮೇಲಿದ್ದ ಮಾತ್ರೆ ಡಬ್ಬಿಯನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು ಗಲಗಲ ಅಲ್ಲಾಡಿಸಿದರು. "ಇಷ್ಟೊಂದಾ? ಮನಸ್ಸು ಗಟ್ಟಿ ಮಾಡಿಕೊಂಡರೆ ಬಿಡಬಹುದಮ್ಮ" ಎಂದರು. ಡಬ್ಬಿಯಲ್ಲಿದ್ದುದು ಹೈಡ್ರಾಕ್ಸಿಕ್ಲೋರೋಕ್ವಿನ್. ಲೂಪಸ್ ಪದೇ ಪದೇ ಉಲ್ಬಣಿಸದಂತೆ ತಡೆಯಲು ನೆರವಾಗುವ ಔಷಧ ಅದು. ಗರ್ಭಿಣಿಯರಿಗೂ ಅದನ್ನು ಮುಂದುವರಿಸುತ್ತಾರೆ. ತೂಕ ನೋಡಿ ಪ್ರಮಾಣ ಗೊತ್ತುಮಾಡುತ್ತಾರೆ, ರೆಟಿನಾಕ್ಕೆ ತೊಂದರೆಯಾಗದಿರಲಿ ಎಂದು ಕಣ್ಣಿನ ಪರೀಕ್ಷೆ ಮಾಡಿಸುತ್ತಾರೆ. ಅದನ್ನು ಬಿಡುವ ಆತುರ ನನಗಿಲ್ಲ. ನನ್ನದೇ ರೋಗನಿರೋಧಕ ವ್ಯವಸ್ಥೆ ನನ್ನ ಮೂತ್ರಪಿಂಡದ ಮೇಲೆ ಎರಗಿದಾಗ ಮನೋಬಲದ ಪಾಠ ಹೇಳಬೇಡಿ.

ನಾನು ಇಳಿಸಲು ಹೆಣಗುತ್ತಿರುವ ಮಾತ್ರೆ ಬೇರೆ: ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್. ರೋಗ ಕೆರಳಿದಾಗ ಕೈಹಿಡಿಯುವುದು ಅದೇ. ವರ್ಷಗಟ್ಟಲೆ ಹೆಚ್ಚು ತೆಗೆದುಕೊಂಡರೆ ಮೂಳೆ ಸವೆಸುವುದು, ಸಕ್ಕರೆ ಏರಿಸುವುದು, ಕಣ್ಣಿಗೆ ಪೊರೆ ತರುವುದೂ ಅದೇ. ಲೂಪಸ್ ಉಪಶಮನವಾಗಿದೆ ಎಂದು ಯಾವಾಗ ಹೇಳಬಹುದು ಎಂಬುದಕ್ಕೆ ತಜ್ಞರ ತಂಡವೊಂದು 2021ರಲ್ಲಿ ಡೋರಿಸ್ ಎಂಬ ವ್ಯಾಖ್ಯಾನವನ್ನು ಅಂತಿಮಗೊಳಿಸಿತು. ರೋಗ ಸಕ್ರಿಯವಾಗಿರುವ ಲಕ್ಷಣ ತಪಾಸಣೆಯಲ್ಲಿ ಕಾಣಬಾರದು, ಸ್ಟೀರಾಯ್ಡ್ ದಿನಕ್ಕೆ 5 ಮಿಲಿಗ್ರಾಂ ಮೀರಬಾರದು. ಉಳಿದ ಮಾತ್ರೆಗಳು ನಡೆಯುತ್ತಲೇ ಇರಬಹುದು! ಅಷ್ಟು ದೂರ ಹೋಗಲಾಗದವರಿಗೆ ಇನ್ನೊಂದು ಮೆಟ್ಟಿಲಿದೆ: ಮುಖ್ಯ ಅಂಗಗಳಲ್ಲಿ ರೋಗ ಶಾಂತವಾಗಿರಬೇಕು, ಹೊಸ ತೊಂದರೆ ಇರಬಾರದು, ಸ್ಟೀರಾಯ್ಡ್ 7.5 ಮಿಲಿಗ್ರಾಂ ಒಳಗಿರಬೇಕು. ಮೂತ್ರಪಿಂಡಕ್ಕೆ ತಗುಲಿದ್ದರೆ ಮೂತ್ರದಲ್ಲಿ ಸೋರುವ ಪ್ರೊಟೀನ್ 3 ತಿಂಗಳಲ್ಲಿ ಕಾಲು ಭಾಗವಾದರೂ, 6 ತಿಂಗಳಲ್ಲಿ ಅರ್ಧದಷ್ಟಾದರೂ ಇಳಿಯಬೇಕು ಎಂಬ ಲೆಕ್ಕವಿದೆ. ಇಳಿಯದಿದ್ದರೆ ಕೈಕಟ್ಟಿ ಕೂರದೆ ಚಿಕಿತ್ಸೆಯನ್ನು ಮರುಪರಿಶೀಲಿಸುತ್ತಾರೆ.

ಇನ್ನು ವರದಿ ಹಿಡಿದು "ಎಎನ್ಎ ಇನ್ನೂ ಪಾಸಿಟಿವ್ ಇದೆಯಲ್ಲ" ಎನ್ನುವವರು. ಅದು ದೇಹದ ಸ್ವಂತ ಕೋಶಗಳ ವಿರುದ್ಧ ಹುಟ್ಟುವ ಪ್ರತಿಕಾಯಗಳನ್ನು ಹುಡುಕುವ, ರೋಗ ಪತ್ತೆಗೆ ಬೇಕಾದ ರಕ್ತಪರೀಕ್ಷೆ. ನಾನು ಆರಾಮವಾಗಿದ್ದಾಗಲೂ ಪಾಸಿಟಿವ್ ಇರಬಹುದು, ಅದನ್ನು ನೆಗೆಟಿವ್ ಮಾಡುವುದು ಯಾರ ಗುರಿಯೂ ಅಲ್ಲ.

ನನ್ನನ್ನು ಯಾರಾದರೂ ಕೇಳಲಿ ಎಂದು ನಾನು ಕಾಯುವ ಪ್ರಶ್ನೆ ಬೇರೆ ಇದೆ. ಅದನ್ನು ಕೇಳಿದವರು ನನ್ನ ಈಗಿನ ವೈದ್ಯೆ. ಬೆರಳಿನ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಾ, "ನಿಮಗೆ ಏನು ಸಾಧ್ಯವಾಗಬೇಕು?" ಎಂದರು. ಬೆಳಗ್ಗೆ ಅಂಗಿಯ ಗುಂಡಿಯನ್ನು ನಾನೇ ಹಾಕಿಕೊಳ್ಳಬೇಕು ಎಂದೆ. ಸ್ವಲ್ಪ ತಡೆದು, ಮಗು ಬೇಕು ಎಂದೆ. ಎರಡನ್ನೂ ಅವರು ಕಡತದಲ್ಲಿ ಬರೆದುಕೊಂಡರು. ಆ ಎರಡನೆಯ ಮಾತು ಚಿಕಿತ್ಸೆಯ ದಾರಿಯನ್ನೇ ಬದಲಿಸಿತು. ರೋಗನಿರೋಧಕ ವ್ಯವಸ್ಥೆಯ ಅಬ್ಬರ ತಗ್ಗಿಸಲು ನಾನು ಆಗ ತೆಗೆದುಕೊಳ್ಳುತ್ತಿದ್ದ ಮೈಕೊಫಿನೊಲೇಟ್ ಎಂಬ ಮಾತ್ರೆ ಗರ್ಭದಲ್ಲಿರುವ ಮಗುವಿಗೆ ಅಪಾಯಕಾರಿ. ಅದರ ಬದಲು ಅಜಾಥಿಯೋಪ್ರಿನ್ ಬಂತು. ಗರ್ಭಧಾರಣೆಗೆ ಮುನ್ನ ಕನಿಷ್ಠ 6 ತಿಂಗಳು ರೋಗ ಶಾಂತವಾಗಿರಬೇಕು ಎಂಬುದು ನಮ್ಮಿಬ್ಬರ ಗುರಿಯಾಯಿತು. ಕೇಳದೇ ಇದ್ದಿದ್ದರೆ ಹಳೆಯ ಮಾತ್ರೆಯೇ ಮುಂದುವರಿಯುತ್ತಿತ್ತು, ನಾನೂ ಸುಮ್ಮನಿರುತ್ತಿದ್ದೆ.

ರೋಗದ ತೀವ್ರತೆ ಅಳೆಯಲು ವೈದ್ಯರು ಬಳಸುವ ಸ್ಲಿಡೈ ಅಂಕಪಟ್ಟಿಯಲ್ಲಿ ಆಯಾಸಕ್ಕೆ ಜಾಗವೇ ಇಲ್ಲ. ಅಂಕ ಸೊನ್ನೆ ಬಂದ ದಿನವೂ ಮೆಟ್ಟಿಲು ಹತ್ತುವಾಗ ಕಾಲು ಕುಸಿಯುತ್ತದೆ, ಅದನ್ನು ಹೇಳಿಕೊಂಡರೆ ಸೋಮಾರಿತನ ಎನ್ನುತ್ತಾರೆ. ಮುಂದಿನ ಭೇಟಿಗೆ ನಾನು ಇದನ್ನೇ ಬರೆದುಕೊಂಡು ಹೋಗುತ್ತಿದ್ದೇನೆ. ರಕ್ತಹೀನತೆ, ಥೈರಾಯ್ಡ್, ನಿದ್ರೆ, ಖಿನ್ನತೆ ಎಲ್ಲವನ್ನೂ ನೋಡಲಿ, ನನ್ನ ಕೈಲಾಗುವಷ್ಟು ವ್ಯಾಯಾಮವನ್ನು ಗೊತ್ತುಮಾಡಲಿ. ಆಯಾಸಕ್ಕೂ ಒಂದು ಗುರಿ, ಒಂದು ಗಡುವು ಆ ಕಡತದಲ್ಲಿ ಬರಬೇಕು.