ಮರ್ಸಿಸೈಡ್ ರೆಡ್‌ಗೆ ಹೆಸರಿಟ್ಟವರು ನಾವು

ನಾನು ಮೊದಮೊದಲು ಟೈಪ್ ಮಾಡಿದ್ದು ಕೀಬೋರ್ಡಿನಲ್ಲಲ್ಲ, ಗೇಮ್ ಕಂಟ್ರೋಲರಿನಲ್ಲಿ. ಪ್ರೊ ಎವಲ್ಯೂಷನ್ ಸಾಕರ್ 6 ಅನ್ನುವ ಫುಟ್‌ಬಾಲ್ ವಿಡಿಯೊ ಗೇಮ್, ಅಂದರೆ ನಮ್ಮೆಲ್ಲರ ಬಾಯಲ್ಲಿ ‘ಪೆಸ್ 6’, ಅದರಲ್ಲಿ ತಂಡಗಳ ಹೆಸರು, ಲಾಂಛನ ತಿದ್ದುವ ಎಡಿಟ್ ಮೋಡ್. ಪರದೆ ಮೇಲೆ ಅಕ್ಷರಗಳ ಮನೆಗಳು. ಬಾಣದ ಗುಂಡಿ ಒತ್ತಿ ಒತ್ತಿ ಒಂದೊಂದು ಅಕ್ಷರದ ಮೇಲೂ ಹೋಗಿ ನಿಲ್ಲಬೇಕು, ಆರಿಸಬೇಕು, ಮತ್ತೆ ಹೊರಡಬೇಕು. ಹಾಗೆ ‘ಮರ್ಸಿಸೈಡ್ ರೆಡ್’ ಅಳಿಸಿ ‘ಲಿವರ್‌ಪೂಲ್’ ಮಾಡಿದೆವು, ‘ಲಂಡನ್ ಎಫ್‌ಸಿ’ ಅಳಿಸಿ ‘ಚೆಲ್ಸಿ’ ಮಾಡಿದೆವು. ಲಾಂಛನವನ್ನು ಚುಕ್ಕಿ ಚುಕ್ಕಿಯಾಗಿ ಬಿಡಿಸಬೇಕಿತ್ತು. ಪತ್ರಿಕೆಯಿಂದ ಕತ್ತರಿಸಿದ ಫೋಟೊ ಹಿಡಿದು ಪಕ್ಕದಲ್ಲಿ ಕೂತಿದ್ದ ಅಣ್ಣ, “ಲೋ, ಕೊಕ್ಕು ಇನ್ನೊಂದು ಚುಕ್ಕಿ ಮುಂದೆ ಬರ್ಲಿ” ಅನ್ನುತ್ತಿದ್ದ. ಎಷ್ಟು ತಿದ್ದಿದರೂ ಲಿವರ್‌ಪೂಲಿನ ಹಕ್ಕಿ ಕಡೆಗೆ ಕೋಳಿಯಾಗಿಯೇ ಉಳಿಯಿತು.

ಇಷ್ಟೆಲ್ಲ ಪಾಡು ಯಾಕೆ ಅಂದರೆ, ಆಟ ಮಾಡಿದ ಕೊನಾಮಿ ಕಂಪನಿ ಹತ್ತಿರ ಆ ಹೆಸರುಗಳ ಲೈಸೆನ್ಸ್ ಇರಲಿಲ್ಲ. ಪೆಸ್ 6ರಲ್ಲಿ ಇಂಗ್ಲೆಂಡಿನ ಕ್ಲಬ್ಬುಗಳ ಪೈಕಿ ಸ್ವಂತ ಹೆಸರಿನಲ್ಲಿ ಬಂದಿದ್ದು ಆರ್ಸೆನಲ್ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್ ಮಾತ್ರ. ಎದುರಾಳಿ ಕಂಪನಿ ಇಎ ಸ್ಪೋರ್ಟ್ಸ್‌ನ ‘ಫಿಫಾ’ ಆಟದಲ್ಲಿ ಲೀಗ್‌ಗಳು, ಜೆರ್ಸಿಗಳು ಎಲ್ಲ ಅಸಲಿ. ಆದರೂ ನಾವು ಆಡಿದ್ದು ಪೆಸ್. ಅದರಲ್ಲಿ ಬ್ರೆಜಿಲ್‌ನ ಆಡ್ರಿಯಾನೊನ ಶಾಟ್ ಪವರ್ 99. ಅವನ ಎಡಗಾಲಿಗೆ ಚೆಂಡು ಸಿಕ್ಕಿತೋ, ಅಣ್ಣ ಆಗಲೇ ಎದ್ದು ನಿಂತಿರುತ್ತಿದ್ದ. ಮೈದಾನದೊಳಗೆ ಪೆಸ್ ಗೆಲ್ಲುತ್ತಿತ್ತು, ಡಬ್ಬಿಯ ಮೇಲೆ ಫಿಫಾ ಗೆಲ್ಲುತ್ತಿತ್ತು.

ಈಗ ನಾನು ಹೊಟ್ಟೆಪಾಡಿಗೆ ಮಾಡುವುದು ಪ್ಯಾಕೆಟ್ಟುಗಳ ವಿನ್ಯಾಸ. ಹಾಗಾಗಿ ಈ ಎರಡು ಆಟಗಳ ಜಗಳವನ್ನು ಆಡುವವನ ಕಣ್ಣಿಗಿಂತ ಡಬ್ಬಿ ಮಾಡುವವನ ಕಣ್ಣಿನಿಂದ ನೋಡುವ ಚಾಳಿ ಬಂದುಬಿಟ್ಟಿದೆ. ಆ ಕಣ್ಣಿಗೆ ಇಂದಿಗೂ ಇಷ್ಟವಾಗುವುದು 2003ರ ಪೆಸ್ 3ರ ಕವರ್. ಅದರ ಮೇಲೆ ಸ್ಟಾರ್ ಆಟಗಾರ ಇಲ್ಲ. ಇಟಲಿಯ ಬೋಳುತಲೆ ರೆಫರಿ ಪಿಯರ್‌ಲುಯಿಜಿ ಕೊಲಿನಾ ಇದ್ದಾರೆ. ಸ್ಪೋರ್ಟ್ಸ್ ಗೇಮ್ ಒಂದರ ಮೇಲೆ ರೆಫರಿ! ನಮ್ಮ ಆಫೀಸಿನಲ್ಲಿ ನಾನು ಅಂಥದ್ದೊಂದು ಐಡಿಯಾ ತೆಗೆದುಕೊಂಡು ಹೋದರೆ ಕಾಫಿ ಕುಡಿದು ಬಾ ಅಂತ ಕಳಿಸುತ್ತಾರೆ. ಆದರೆ ಆ ಒಂದು ಮುಖ ಹೇಳಬೇಕಾದ್ದನ್ನು ಹೇಳಿಬಿಡುತ್ತಿತ್ತು: ಇಲ್ಲಿ ಥಳಕು ಇಲ್ಲ, ಆಟ ಇದೆ.

ಆಮೇಲೆ ಕೊನಾಮಿಯೂ ಸ್ಟಾರ್‌ಗಳ ಹಿಂದೆ ಬಿದ್ದಿತು. ಪೆಸ್ 2009ರ ಮೇಲಿದ್ದ ಮೆಸ್ಸಿ ಫಿಫಾ 13ರ ಹೊತ್ತಿಗೆ ಆಚೆ ಮನೆಗೆ ಹೋಗಿಯಾಗಿತ್ತು. ಪೆಸ್ 2013ರ ಮೇಲಿದ್ದ ರೊನಾಲ್ಡೊ ಫಿಫಾ 18ರ ಮೇಲೆ ನಗುತ್ತಿದ್ದ. ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗ್ ಲೈಸೆನ್ಸ್ ಹತ್ತು ವರ್ಷ ಕೊನಾಮಿ ಹತ್ತಿರ ಇದ್ದು, 2018ರಲ್ಲಿ ಅದೂ ಇಎ ಪಾಲಾಯಿತು. ಬಾಡಿಗೆ ಮನೆಗೆ ಎಷ್ಟು ಸುಣ್ಣಬಣ್ಣ ಹೊಡೆದರೇನು, ಕರಾರು ಮುಗಿದ ದಿನ ಕೀಲಿಕೈ ಕೊಟ್ಟು ಹೊರಡಬೇಕು.

ಒಂದು ಸಲ ಕೊನಾಮಿ ಇದನ್ನು ತಿರುಗಿಸಿ ಹೊಡೆಯಿತು. 2019ರಲ್ಲಿ ಇಟಲಿಯ ಯುವೆಂಟಸ್ ಕ್ಲಬ್ ಜೊತೆ ತನಗೊಬ್ಬನಿಗೇ ಅಂತ ಒಪ್ಪಂದ ಮಾಡಿಕೊಂಡಿತು. ಪರಿಣಾಮ, ಫಿಫಾ 20ರಲ್ಲಿ ಯುವೆಂಟಸ್ ಹೆಸರು ‘ಪಿಯೆಮೊಂಟೆ ಕಾಲ್ಚೊ’. ಹಿಂದಿನ ವರ್ಷಗಳಲ್ಲಿ ಅದೇ ಫಿಫಾದ ಕವರ್ ಮೇಲಿದ್ದ, ಆಗ ಯುವೆಂಟಸ್‌ಗೆ ಆಡುತ್ತಿದ್ದ ರೊನಾಲ್ಡೊ ಈಗ ಅದರೊಳಗೆ ಯಾವುದೋ ಊರುಕೇರಿ ಇಲ್ಲದ ಜೆರ್ಸಿ ಹಾಕಿಕೊಂಡು ಓಡುತ್ತಿದ್ದ. ಅವತ್ತು ಅಣ್ಣನಿಗೆ ಫೋನ್ ಮಾಡಿ ನಕ್ಕಿದ್ದೇ ನಕ್ಕಿದ್ದು. ಮರ್ಸಿಸೈಡ್ ರೆಡ್‌ನ ಬಡ್ಡಿ ಸಮೇತ ವಸೂಲಿ!

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಇಷ್ಟು ಹಗ್ಗಜಗ್ಗಾಟಕ್ಕೂ ಅವಕಾಶ ಸಿಗಲಿಲ್ಲ. 2004ರಲ್ಲಿ ಎದುರಾಳಿಗಳು ‘ಎನ್‌ಎಫ್‌ಎಲ್ 2ಕೆ5’ ಆಟವನ್ನು ಬರೀ 19.99 ಡಾಲರಿಗೆ ಮಾರಿ ಇಎಯ ‘ಮ್ಯಾಡನ್’ಗೆ ಬಿಸಿ ಮುಟ್ಟಿಸಿದರು. ಮ್ಯಾಡನ್ ಕೂಡ ಬೆಲೆ ಇಳಿಸಬೇಕಾಯಿತು. ಅದೇ ಡಿಸೆಂಬರಿನಲ್ಲಿ ಇಎ ಅಲ್ಲಿನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನ ಲೈಸೆನ್ಸನ್ನೇ ತನ್ನೊಬ್ಬನದಾಗಿ ಮಾಡಿಕೊಂಡಿತು. ಕತೆ ಮುಗೀತು. ಒಳ್ಳೆ ಆಟ ಮಾಡಿದವರ ಕೈಯಲ್ಲಿ ಒಂದು ಕಾಗದ ಇರಲಿಲ್ಲ, ಅಷ್ಟೆ.

ಹೀಗೆ ಕಾಗದದ ಬಲದ ಮೇಲೆ ಬೆಳೆದ ಇಎ, ತನ್ನ ದೊಡ್ಡ ಕಾಗದವನ್ನು 2022ರ ಮೇ ತಿಂಗಳಲ್ಲಿ ಬಿಟ್ಟುಕೊಟ್ಟಿತು. 1993ರಿಂದ ಇಟ್ಟುಕೊಂಡಿದ್ದ ‘ಫಿಫಾ’ ಹೆಸರಿಗೆ ಫಿಫಾ ಸಂಸ್ಥೆ ನಾಲ್ಕು ವರ್ಷಕ್ಕೆ ನೂರು ಕೋಟಿ ಡಾಲರಿಗೂ ಹೆಚ್ಚು ಕೇಳಿತು ಅಂತ ಪತ್ರಿಕೆಗಳಲ್ಲಿ ಬಂದಿತ್ತು. ಇಎ ಮುಖ್ಯಸ್ಥ ಆಂಡ್ರ್ಯೂ ವಿಲ್ಸನ್ ಸಿಬ್ಬಂದಿಗೆ ಹೇಳಿದ ಮಾತೂ ಹೊರಬಿತ್ತು: ವಿಶ್ವಕಪ್ ಇಲ್ಲದ ವರ್ಷ ನಮಗೆ ಇದರಿಂದ ಸಿಗುವುದು ಡಬ್ಬಿಯ ಮೇಲಿನ ನಾಲ್ಕಕ್ಷರ, ಜನ ಈಗ ಡೌನ್‌ಲೋಡ್ ಮಾಡಿ ಆಡುವುದರಿಂದ ಆ ಡಬ್ಬಿಯನ್ನೂ ಹೆಚ್ಚಿನವರು ನೋಡುವುದಿಲ್ಲ ಅಂತ. ಡಬ್ಬಿ ಮಾಡಿ ಅನ್ನ ತಿನ್ನುವ ನನಗೆ ಈ ಮಾತು ಸ್ವಲ್ಪ ಚುಚ್ಚಿತು, ನಿಜ.

2023ರ ಸೆಪ್ಟೆಂಬರ್ 29ಕ್ಕೆ ‘ಇಎ ಸ್ಪೋರ್ಟ್ಸ್ ಎಫ್‌ಸಿ 24’ ಬಂತು. ಅದರ ಲೋಗೊ ನೋಡಿ ನಾನು ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ಒಂದು ತ್ರಿಕೋನ. ನೀವು ಯಾವ ಆಟಗಾರನನ್ನು ಆಡಿಸುತ್ತಿದ್ದೀರೋ ಅವನ ತಲೆ ಮೇಲೆ ತೇಲುತ್ತಿರುತ್ತದಲ್ಲ, ಅದೇ ತ್ರಿಕೋನ. ವರ್ಷಗಟ್ಟಲೆ ಕಣ್ಣ ಮುಂದೆಯೇ ಇತ್ತು, ಯಾರೂ ಅದನ್ನು ಗುರುತು ಅಂದುಕೊಂಡಿರಲಿಲ್ಲ. ಅದಕ್ಕೆ ಯಾರಿಗೂ ಬಾಡಿಗೆ ಕಟ್ಟಬೇಕಾಗಿಯೂ ಇರಲಿಲ್ಲ. ಕ್ಲಬ್ಬುಗಳ, ಲೀಗ್‌ಗಳ, ಆಟಗಾರರ ಒಪ್ಪಂದಗಳು ಬೇರೆಯೇ ಆಗಿದ್ದರಿಂದ ಅವೂ ಉಳಿದವು. ಎಫ್‌ಸಿ 25 ಅಂದುಕೊಂಡಷ್ಟು ಓಡಲಿಲ್ಲ, 2025ರ ಜನವರಿಯಲ್ಲಿ ಕಂಪನಿ ತನ್ನ ಅಂದಾಜನ್ನೇ ತಗ್ಗಿಸಿತು. ಆದರೂ ಬಾಡಿಗೆ ಹೆಸರು ಕಳಚಿದ್ದಕ್ಕೆ ಮನೆಯೇನೂ ಬೀಳಲಿಲ್ಲ.

ನನ್ನ ಸಂಕಟ ಇರುವುದು ಇನ್ನೊಂದು ಕಡೆ. ‘ಪೆಸ್’ ಅನ್ನುವ ಹೆಸರು ಕೊನಾಮಿಯ ಸ್ವಂತದ್ದು. ಯಾರೂ ಅದಕ್ಕೆ ಬಾಡಿಗೆ ಕೇಳುತ್ತಿರಲಿಲ್ಲ. ನಿಜ, ಹೆಸರಿನ ವಿಷಯದಲ್ಲಿ ಅವರಿಗೆ ಮೊದಲಿನಿಂದಲೂ ಹಿಡಿತ ಇರಲಿಲ್ಲ: ಜಪಾನಿನಲ್ಲಿ ‘ವಿನ್ನಿಂಗ್ ಇಲೆವೆನ್’, ಯುರೋಪಿನಲ್ಲಿ ಮೊದಲು ‘ಇಂಟರ್‌ನ್ಯಾಷನಲ್ ಸೂಪರ್‌ಸ್ಟಾರ್ ಸಾಕರ್’, ಆಮೇಲೆ ‘ಪ್ರೊ ಎವಲ್ಯೂಷನ್ ಸಾಕರ್’, ಮುಂದೆ ‘ಇಫುಟ್‌ಬಾಲ್ ಪೆಸ್ 2020’. ಕಡೆಗೆ 2021ರಲ್ಲಿ ಪೆಸ್ ಅನ್ನುವುದನ್ನೇ ಕಿತ್ತು ಹಾಕಿ ಬರೀ ‘ಇಫುಟ್‌ಬಾಲ್’ ಅಂದರು. ಇದು ಹೆಸರೋ, ಅಂಗಡಿಯಲ್ಲಿ ಯಾವ ಸಾಮಾನು ಎಲ್ಲಿದೆ ಅಂತ ತೋರಿಸುವ ಫಲಕವೋ? ಸೆಪ್ಟೆಂಬರ್ 30ಕ್ಕೆ ಆಟ ಬಿಡುಗಡೆಯಾದಾಗ ಪರದೆ ಮೇಲಿನ ಪ್ರೇಕ್ಷಕರ, ಆಟಗಾರರ ಮುಖಗಳು ಎಷ್ಟು ಸೊಟ್ಟಗಿದ್ದವೆಂದರೆ ಮೀಮ್‌ಗಳ ಸುಗ್ಗಿಯಾಯಿತು. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಅತ್ಯಂತ ಕೆಟ್ಟ ವಿಮರ್ಶೆ ಪಡೆದ ಆಟಗಳ ಪಟ್ಟಿಯಲ್ಲಿ ತುದಿಗೆ ಹೋಗಿ ಕೂತಿತು, ಕೊನಾಮಿ ಕ್ಷಮೆ ಕೇಳಿತು. ಆ ಹೊತ್ತಿನಲ್ಲಿ ಹಳೇ ಹೆಸರು ಇದ್ದಿದ್ದರೆ ‘ಈ ವರ್ಷದ ಪೆಸ್ ಸರಿಯಿಲ್ಲ’ ಅಂತ ಬೈದು ನಾವು ಮುಂದಿನ ವರ್ಷಕ್ಕೆ ಕಾಯುತ್ತಿದ್ದೆವು. ಇಫುಟ್‌ಬಾಲ್‌ಗೆ ಕಾಯುವವರು ಯಾರಿದ್ದರು?

ಇವತ್ತು ಮೊಬೈಲಿನಲ್ಲಿ ಅದನ್ನು ಕೋಟಿಗಟ್ಟಲೆ ಸಲ ಇಳಿಸಿಕೊಂಡಿದ್ದಾರೆ, ಪುಕ್ಕಟೆ ಬೇರೆ. ಲೆಕ್ಕದ ಪ್ರಕಾರ ಸೋತಿದ್ದಾರೆ ಅನ್ನಲಾಗದು. ನಾನು ಹೇಳುತ್ತಿರುವುದು ಕ್ಯಾಸ್ಟೊಲೊ, ಮಿನಾಂಡ, ಗೋಲಿ ಇವಾರೊವ್ ಬಗ್ಗೆ. ಪೆಸ್‌ನಲ್ಲಿ ತಂಡ ಕಟ್ಟಿ ಬೆಳೆಸುವ ಮಾಸ್ಟರ್ ಲೀಗ್ ಶುರುಮಾಡಿದರೆ ಕೈಗೆ ಸಿಗುತ್ತಿದ್ದ ಆ ಬಡಪಾಯಿ ತಂಡ. ಲೋಕದಲ್ಲೆಲ್ಲೂ ಇಲ್ಲದ, ಯಾರ ಲೈಸೆನ್ಸೂ ಬೇಡದ ಆಟಗಾರರು. ಅವರನ್ನು ಕಟ್ಟಿಕೊಂಡು ಎರಡನೇ ಡಿವಿಷನ್ನಿನಿಂದ ಮೇಲೆ ಹತ್ತಿದ ಯಾರನ್ನೇ ಕೇಳಿ, ಆ ಹೆಸರುಗಳನ್ನು ಸ್ವಂತ ಸೋದರಮಾವಂದಿರ ಹೆಸರಿನ ಹಾಗೆ ಹೇಳುತ್ತಾರೆ. ಅಂಥ ಆಸ್ತಿ ಇಟ್ಟುಕೊಂಡು ಮೂಲೆಗೆ ಹಾಕಿದರಲ್ಲ.

2024ರ ಅಕ್ಟೋಬರಿನಲ್ಲಿ ಇನ್ನೊಂದು ಸುದ್ದಿ ಬಂತು. ಇಎಯಿಂದ ಬೇರೆಯಾದ ಫಿಫಾ ಸಂಸ್ಥೆ ಕೊನಾಮಿ ಜೊತೆ ಕೈ ಜೋಡಿಸಿದೆ, ಫಿಫಾದ ಇಸ್ಪೋರ್ಟ್ಸ್ ವಿಶ್ವಕಪ್, ಅಂದರೆ ವಿಡಿಯೊ ಗೇಮ್ ಆಡುವವರ ವಿಶ್ವಕಪ್, ಇಫುಟ್‌ಬಾಲ್‌ನಲ್ಲಿ ನಡೆಯುತ್ತದೆ ಅಂತ. ಮರ್ಸಿಸೈಡ್ ರೆಡ್ ಕಾಲದಲ್ಲಿ ಈ ಮಾತು ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ. ಅಣ್ಣನಿಗೆ ಲಿಂಕ್ ಕಳಿಸಿದೆ. ಅವನಿಗೆ ಈಗ ಎರಡು ಮಕ್ಕಳು, ಕಂಟ್ರೋಲರ್ ಮುಟ್ಟಿ ವರ್ಷಗಳಾಗಿವೆ. ಮೆಸೇಜ್ ನೋಡಿದ್ದು ರಾತ್ರಿ ಹನ್ನೊಂದಕ್ಕೆ.

“ಹಂಗಾದ್ರೆ ಕ್ಯಾಸ್ಟೊಲೊ ವಿಶ್ವಕಪ್ ಆಡ್ತಾನೇನೋ?”